ಮೈದಾನದ ಮರಗಳ ಎಲೆಗಳಲ್ಲಿ ಸಾರಜನಕ ಚಕ್ರ ಮತ್ತು ಅದರ ಮಾಪನ

ಮರದ ಬೇರು ಮಣ್ಣಿನಿಂದ ಹೀರಿದ ಸಾರಜನಕವು ಚಿಗುರಿಗೆ ಏರಿ, ಬಲಿತ ಎಲೆಯಲ್ಲಿ ನೆಲಸಿ, ಎಲೆ ಹಣ್ಣಾಗುವ ಕಾಲಕ್ಕೆ ಅದರ ಒಂದಂಶ ಕೊಂಬೆಗೆ ಹಿಂದಿರುಗಿ, ಮಿಕ್ಕ ಅಂಶ ತರಗಿನೊಡನೆ ನೆಲಕ್ಕೆ ಬಿದ್ದು, ಅಲ್ಲಿ ಶಿಲೀಂಧ್ರ ಬ್ಯಾಕ್ಟೀರಿಯಗಳ ವಶವಾಗಿ, ಕಡೆಗೆ ಅಮೋನಿಯಂ ಮತ್ತು ನೈಟ್ರೇಟ್ ರೂಪದಲ್ಲಿ ಮರಳಿ ಬೇರನ್ನು ಸೇರುವ ಸುತ್ತಿಗೆ ಎಲೆಯ ಸಾರಜನಕ ಚಕ್ರವೆಂದು ಹೆಸರು. ಈ ಸುತ್ತಿನ ಒಂದೊಂದು ಘಟ್ಟದಲ್ಲಿಯೂ ಎಷ್ಟು ಸಾರಜನಕವಿದೆ, ಅದು ಯಾವ ವೇಗದಿಂದ ಮುಂದಕ್ಕೆ ಸಾಗುತ್ತದೆ, ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ತೂಕದಿಂದಲೂ ರಾಸಾಯನಿಕ ವಿಶ್ಲೇಷಣೆಯಿಂದಲೂ ನಿರ್ಣಯಿಸುವುದು ಅರಣ್ಯ ಪರಿಸರಶಾಸ್ತ್ರದ ಮುಖ್ಯ ಶಾಖೆಗಳಲ್ಲೊಂದು. ಈ ಶಾಖೆಗೆ ಪ್ರಸಿದ್ಧಿಯನ್ನು ತಂದ ಸಂಶೋಧನೆಗಳಲ್ಲಿ ಹಲವು ಉತ್ತರ ಅಮೆರಿಕದ ಸಕ್ಕರೆ ಮೇಪಲ್ ಕಾಡುಗಳಲ್ಲಿ, ಅದರಲ್ಲಿಯೂ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಹಬರ್ಡ್ ಬ್ರುಕ್ ಪ್ರಾಯೋಗಿಕ ಅರಣ್ಯದಲ್ಲಿ ನಡೆದವು. ಈ ಲೇಖನದ ವಿಷಯವಾದ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಮೇಪಲ್ ಮರವಿಲ್ಲ; ಅದರ ಸ್ಥಾನದಲ್ಲಿ ಹೊಂಗೆ, ಬೇವು, ಹುಣಸೆ, ಕಮರ, ದಿಂಡಿಗ, ಮುತ್ತುಗ, ಜಾಲಿಗಳಿವೆ. ಮಾಪನದ ಸೂತ್ರಗಳು ಎರಡೂ ನಾಡುಗಳಿಗೆ ಸಮಾನವಾದರೂ ಚಕ್ರವನ್ನು ನಡೆಸುವ ಶಕ್ತಿ ಬೇರೆ. ಶೀತದೇಶದಲ್ಲಿ ಹಿಮವೂ ಚಳಿಯೂ ಮಾಡುವ ಕಾರ್ಯವನ್ನು ಇಲ್ಲಿ ಮಳೆಯೂ ಬರವೂ ಮಾಡುತ್ತವೆಯಾದ್ದರಿಂದ, ಎಷ್ಟು ಸಾರಜನಕವಿದೆ ಎಂಬ ಪ್ರಶ್ನೆಗಿಂತ ಯಾವಾಗ ಇದೆ ಎಂಬ ಪ್ರಶ್ನೆಯೇ ಈ ಸೀಮೆಯಲ್ಲಿ ಪ್ರಧಾನವಾದದ್ದು.

ಪ್ರದೇಶ ಮತ್ತು ವೃಕ್ಷಗಳು

ತುಮಕೂರು ಜಿಲ್ಲೆಯ ಉತ್ತರ ಮತ್ತು ಪೂರ್ವ ಭಾಗಗಳನ್ನು ಆವರಿಸಿರುವ ಈ ನಾಲ್ಕು ತಾಲ್ಲೂಕುಗಳು ಸಹ್ಯಾದ್ರಿಯ ಮಳೆನೆರಳಿಗೆ ಸೇರಿದ ಮೈದಾನ. ವರ್ಷದ ಮಳೆ ಸುಮಾರು 500ರಿಂದ 700 ಮಿಲಿಮೀಟರಿನಷ್ಟಿದ್ದು, ಕೊರಟಗೆರೆಯಿಂದ ಪಾವಗಡದ ಕಡೆಗೆ ಸಾಗಿದಂತೆ ಕಡಿಮೆಯಾಗುತ್ತ ಹೋಗುತ್ತದೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಸುರಿಯುತ್ತದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ, ಚನ್ನರಾಯನದುರ್ಗ, ಸಿದ್ಧರಬೆಟ್ಟ, ಪಾವಗಡದ ದುರ್ಗ ಮೊದಲಾದ ಬಂಡೆಬೆಟ್ಟಗಳ ಕಣಶಿಲೆಯೂ ಪದರಶಿಲೆಯೂ ಶಿಥಿಲವಾಗಿ ಉಂಟಾದ ಕೆಂಪು ಮರಳುಮಣ್ಣಿನಲ್ಲಿ ಜೈವಿಕಾಂಶ ಸ್ವಲ್ಪವೇ ಇರುವುದು. ಅಂಥ ಮಣ್ಣಿನಲ್ಲಿ ಸಾರಜನಕವನ್ನು ಹಿಡಿದಿಡುವ ಶಕ್ತಿಯೂ ಅಷ್ಟಕ್ಕಷ್ಟೆ.

ಕಾಡುಗಳು ಒಣ ಎಲೆಯುದುರುವ ಕಾಡು ಮತ್ತು ಮುಳ್ಳುಕುರುಚಲು ಎಂಬ ಎರಡು ವರ್ಗಗಳಿಗೆ ಸೇರಿದವು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡಿನಲ್ಲಿ ಕಮರ ಮತ್ತು ದಿಂಡಿಗಗಳು ಗಮನಾರ್ಹವಾದವು. ಈ ಕಾಡನ್ನು 2019ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಹಳ್ಳಿಯ ಸುತ್ತಿನಲ್ಲಿ, ಹೊಲದ ಬದುಗಳ ಮೇಲೆ, ಕೆರೆಯಂಗಳಗಳಲ್ಲಿ ಹೊಂಗೆ, ಬೇವು, ಹುಣಸೆ, ಕರಿಜಾಲಿಗಳು ಬೆಳೆದಿವೆ. ಹೊರಗಿನಿಂದ ಬಂದ ಬಳ್ಳಾರಿ ಜಾಲಿಯು ಅನೇಕ ಕೆರೆಯಂಗಳಗಳನ್ನು ಇಡಿಯಾಗಿ ಆಕ್ರಮಿಸಿದೆ. ಇವುಗಳಲ್ಲಿ ಹೊಂಗೆ, ಜಾಲಿ, ಬಳ್ಳಾರಿ ಜಾಲಿ ಹಾಗೂ ಜನರು ಗೊಬ್ಬರದ ಗಿಡವೆನ್ನುವ ಗ್ಲಿರಿಸಿಡಿಯ ಬೇರುಗಂಟುಗಳ ಮೂಲಕ ವಾಯುವಿನ ಸಾರಜನಕವನ್ನು ಸ್ಥಿರೀಕರಿಸಬಲ್ಲವು. ಹುಣಸೆ, ತಂಗಡಿ, ಸೀಮೆತಂಗಡಿಗಳು ಸಹ ದ್ವಿದಳಸಸ್ಯಗಳ ಅದೇ ದೊಡ್ಡ ಕುಟುಂಬದವೇ ಆದರೂ ಅವುಗಳ ಬೇರುಗಳಲ್ಲಿ ಗಂಟು ಕಟ್ಟುವುದಿಲ್ಲ. ಆದಕಾರಣ ಬರಿಯ ಕುಟುಂಬವನ್ನು ನೋಡಿ ಮರವೊಂದು ಮಣ್ಣಿಗೆ ಸಾರಜನಕವನ್ನು ಕೂಡಿಸುತ್ತದೆಂದು ನಿರ್ಧರಿಸುವುದು ಸಲ್ಲದು.

ಎಲೆಯಲ್ಲಿ ಸಾರಜನಕದ ಕಾರ್ಯ

ಒಣಗಿಸಿದ ಎಲೆಯ ತೂಕದಲ್ಲಿ ಸಾರಜನಕವು ಸಾಮಾನ್ಯವಾಗಿ ನೂರಕ್ಕೆ 1ರಿಂದ 4 ಭಾಗದಷ್ಟು ಇರುತ್ತದೆ. ಅದರ ಬಹುಭಾಗವು ಪ್ರೋಟೀನುಗಳಲ್ಲಿ ಅಡಗಿರುವುದು. ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ಮಾರ್ಗಕ್ಕೆ ಸೇರಿಸುವ ರುಬಿಸ್ಕೊ ಎಂಬ ಒಂದೇ ಕಿಣ್ವದಲ್ಲಿ, ಅನೇಕ ಸಸ್ಯಗಳಲ್ಲಿ, ಎಲೆಯ ಸಾರಜನಕದ ಕಾಲುಭಾಗದವರೆಗೂ ಇರುವುದುಂಟು. ಪತ್ರಹರಿತ್ತಿನಲ್ಲಿಯೂ ನ್ಯೂಕ್ಲಿಯಿಕ್ ಆಮ್ಲಗಳಲ್ಲಿಯೂ ಉಳಿದ ಪಾಲು ಹಂಚಿಹೋಗಿದೆ. ಎಳೆಯ ಚಿಗುರಿನಲ್ಲಿ ನೂರಂಶವು ಹೆಚ್ಚು. ಎಲೆ ಬಲಿತು ನಾರು ಕೂಡಿದಂತೆ ಅದೇ ಸಾರಜನಕವು ಹೆಚ್ಚಿನ ತೂಕದಲ್ಲಿ ಹರಡಿಕೊಂಡು ನೂರಂಶವು ತಗ್ಗುತ್ತದೆ. ಎಲೆ ಹಳದಿಯಾಗುವಾಗ ಪ್ರೋಟೀನುಗಳು ಒಡೆದು ಅಮೈನೊ ಆಮ್ಲಗಳಾಗಿ ಕೊಂಬೆಗೆ ಹರಿದುಹೋಗುವುದರಿಂದ ಇನ್ನೂ ಕುಸಿಯುತ್ತದೆ. ಹೊಂಗೆ ಮತ್ತು ಬೇವು ಮಾಘ ಫಾಲ್ಗುಣಗಳಲ್ಲಿ ಹಳೆಯ ಎಲೆಗಳನ್ನು ಕಳಚಿ, ಮಳೆಗೆ ಕಾಯದೆ, ಯುಗಾದಿಯ ಹೊತ್ತಿಗೆ ಹೊಸ ಚಿಗುರನ್ನು ಹೊರಡಿಸುತ್ತವೆ. ಮಣ್ಣು ಒಣಗಿ ಗಟ್ಟಿಯಾಗಿರುವ ಆ ಕಾಲದಲ್ಲಿ ಚಿಗುರಿಗೆ ಬೇಕಾದ ಸಾರಜನಕದ ಗಣನೀಯ ಭಾಗವು ಮರವು ತನ್ನ ಕಾಂಡದಲ್ಲಿಯೂ ಬೇರಿನಲ್ಲಿಯೂ ಮೊದಲೇ ಕೂಡಿಟ್ಟುಕೊಂಡಿರುವ ಸಂಗ್ರಹದಿಂದಲೇ ದೊರೆಯಬೇಕಾಗುತ್ತದೆ. ಹಣ್ಣೆಲೆಯಿಂದ ಸಾರಜನಕವನ್ನು ಹಿಂಪಡೆಯುವ ಕ್ರಿಯೆಯು ಈ ಮರಗಳಿಗೆ ಪ್ರಾಣಾಧಾರವಾಗುವುದು ಇದರಿಂದ.

ಶಾಸ್ತ್ರದ ಬೆಳವಣಿಗೆ

ಸಾರಜನಕವನ್ನು 1772ರಲ್ಲಿ ಡೇನಿಯಲ್ ರುದರ್‌ಫರ್ಡನು ಪ್ರತ್ಯೇಕಿಸಿ ತೋರಿಸಿದನು. 1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಎಂಬ ವಿಜ್ಞಾನಿಗಳು ದ್ವಿದಳಸಸ್ಯಗಳ ಬೇರುಗಂಟುಗಳೇ ವಾಯುವಿನ ಸಾರಜನಕವನ್ನು ಹಿಡಿಯುವ ಸ್ಥಾನವೆಂದು ಸ್ಥಾಪಿಸಿದರು. 1888ರಲ್ಲಿ ಬೈಜರಿಂಕನು ಆ ಗಂಟುಗಳ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದನು. ಮೈಸೂರು ಸಂಸ್ಥಾನದಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿದ್ದ 1899ರಲ್ಲಿ ಹೆಬ್ಬಾಳದಲ್ಲಿ ನೀಡಿದ 30 ಎಕರೆ ಭೂಮಿಯಲ್ಲಿ ಲೇಮನ್ ಎಂಬ ರಸಾಯನತಜ್ಞರು ಮಣ್ಣು ಮತ್ತು ಬೆಳೆಗಳ ಪರೀಕ್ಷೆಯನ್ನು ಆರಂಭಿಸಿದರು; ಇಂದಿನ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಮೂಲ ಅಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಗಿಲ್ಬರ್ಟ್ ಫೌಲರ್ ಸಾರಜನಕ ಸಂರಕ್ಷಣೆಯ ಜೀವರಸಾಯನವನ್ನೇ ವಿಷಯವಾಗಿಟ್ಟುಕೊಂಡು 1934ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಒಣ ಉಷ್ಣವಲಯದ ಕಾಡುಗಳ ವಿಷಯದಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ಜೆ. ಎಸ್. ಸಿಂಗ್ ಮತ್ತು ಅವರ ಸಹೋದ್ಯೋಗಿಗಳು ವಿಂಧ್ಯ ಪ್ರಾಂತದಲ್ಲಿ ನಡೆಸಿದ ಅಧ್ಯಯನಗಳು, ಹವೆಯಲ್ಲಿ ಸಾದೃಶ್ಯವಿರುವ ನಮ್ಮ ಮೈದಾನಕ್ಕೂ ಮಾರ್ಗದರ್ಶಕವಾಗಿವೆ.

ಮಾದರಿಯ ಸಂಗ್ರಹ ಮತ್ತು ಒಟ್ಟು ಸಾರಜನಕದ ನಿರ್ಣಯ

ಮಾಪನದ ಸತ್ಯಾಸತ್ಯತೆ ಪ್ರಯೋಗಶಾಲೆಗಿಂತ ಮುಂಚೆ ಮರದ ಬಳಿಯಲ್ಲಿಯೇ ನಿರ್ಧಾರವಾಗಿಬಿಡುತ್ತದೆ. ಬಿಸಿಲು ಬೀಳುವ ನೆತ್ತಿಯ ಎಲೆಗೂ ಒಳಗಿನ ನೆರಳಿನ ಎಲೆಗೂ ದಪ್ಪದಲ್ಲಿಯೂ ಸಾರಜನಕದಲ್ಲಿಯೂ ಅಂತರವಿರುವ ಕಾರಣ, ಒಂದೇ ಜಾತಿಯ ಹಲವು ಮರಗಳಿಂದ, ಒಂದೇ ದಿಕ್ಕಿನ, ಒಂದೇ ವಯಸ್ಸಿನ, ಹುಳು ತಿನ್ನದ ಎಲೆಗಳನ್ನು ಆರಿಸಬೇಕು. ಅವುಗಳ ಧೂಳನ್ನು ತೊಳೆದು, 60ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತೂಕ ಸ್ಥಿರವಾಗುವ ತನಕ ಒಣಗಿಸಿ, ನುಣ್ಣಗೆ ಪುಡಿಮಾಡಿ ಇಡಬೇಕು.

ಒಟ್ಟು ಸಾರಜನಕವನ್ನು ಅಳೆಯುವ ಪ್ರಮಾಣಭೂತ ವಿಧಾನವನ್ನು ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಯೋಹಾನ್ ಕೆಲ್ದಾಲನು 1883ರಲ್ಲಿ ಪ್ರಕಟಿಸಿದನು. ಎಲೆಯ ಪುಡಿಯನ್ನು ಪ್ರಬಲ ಗಂಧಕಾಮ್ಲದಲ್ಲಿ, ಪೊಟ್ಯಾಸಿಯಂ ಸಲ್ಫೇಟ್ ಮತ್ತು ಮೈಲುತುತ್ತದೊಡನೆ ಕಾಯಿಸಿದಾಗ ಜೈವಿಕ ಪದಾರ್ಥವು ಜೀರ್ಣವಾಗಿ ಅದರ ಸಾರಜನಕವೆಲ್ಲ ಅಮೋನಿಯಂ ಲವಣವಾಗುತ್ತದೆ. ಬಳಿಕ ಕ್ಷಾರವನ್ನು ಬೆರಸಿ ಬಟ್ಟಿಯಿಳಿಸಿದರೆ ಅಮೋನಿಯ ಹೊರಟು ಬೋರಿಕ್ ಆಮ್ಲದಲ್ಲಿ ಸೇರುತ್ತದೆ. ಅದನ್ನು ಗೊತ್ತಾದ ಪ್ರಬಲತೆಯ ಆಮ್ಲದಿಂದ ಅನುಮಾಪನ ಮಾಡಿ ಲೆಕ್ಕ ಹಾಕುತ್ತಾರೆ. ದಶಾಂಶ ನಾರ್ಮಲ್ ಆಮ್ಲದ 1 ಮಿಲಿಲೀಟರು 1.4 ಮಿಲಿಗ್ರಾಂ ಸಾರಜನಕಕ್ಕೆ ಸಮ. ಅರ್ಧ ಗ್ರಾಂ ಪುಡಿಗೆ 10 ಮಿಲಿಲೀಟರು ಆಮ್ಲ ಹಿಡಿಸಿದರೆ ಎಲೆಯ ಸಾರಜನಕ ನೂರಕ್ಕೆ 2.8 ಎಂದಾಯಿತು. ಇದಕ್ಕೂ ಹಿಂದೆ, 1831ರಲ್ಲಿ, ಫ್ರಾನ್ಸಿನ ಡ್ಯೂಮಾ ರೂಪಿಸಿದ ದಹನವಿಧಾನದಲ್ಲಿ ಪದಾರ್ಥವನ್ನು ಪೂರ್ಣವಾಗಿ ಸುಟ್ಟು, ಹೊರಟ ಸಾರಜನಕ ಅನಿಲವನ್ನೇ ಅಳೆಯುತ್ತಾರೆ. ಇಂದಿನ ಸ್ವಯಂಚಾಲಿತ ವಿಶ್ಲೇಷಕಗಳು ಇದೇ ತತ್ತ್ವದ ಮೇಲೆ ನಡೆಯುತ್ತವೆ. ಎಲೆಯನ್ನು ಕೀಳದೆ ಅದರ ಹಸಿರನ್ನು ಬೆಳಕಿನಿಂದ ಅಳೆಯುವ ಕೈಯಂತ್ರಗಳೂ ಇವೆ. ಆದರೆ ಅವು ತೋರಿಸುವುದು ಪತ್ರಹರಿತ್ತಿನ ಸೂಚ್ಯಂಕವನ್ನಷ್ಟೆ, ಅದನ್ನು ಒಂದೊಂದು ಜಾತಿಗೂ ಕೆಲ್ದಾಲ್ ಫಲಿತಾಂಶದೊಡನೆ ಹೊಂದಿಸಿಕೊಳ್ಳದೆ ಸಾರಜನಕವೆಂದು ಓದಲಾಗದು.

ಹಿಂಪಡೆತದ ಲೆಕ್ಕ

ಬಲಿತ ಹಸಿರೆಲೆಯ ಸಾರಜನಕದಲ್ಲಿ ಎಷ್ಟು ಪಾಲನ್ನು ಮರವು ಎಲೆ ಉದುರುವ ಮುನ್ನ ಹಿಂದಕ್ಕೆ ಪಡೆಯಿತೆಂಬುದೇ ಹಿಂಪಡೆತದ ದಕ್ಷತೆ. ಪ್ರಪಂಚದ ನಾನಾ ಸಸ್ಯಗಳ ಸರಾಸರಿಯು ಅರ್ಧದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚೆಂದು ಕಂಡುಬಂದಿದೆ. ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವುಂಟು. ಹಸಿರೆಲೆಯಲ್ಲಿ ನೂರಕ್ಕೆ 2.5, ಹಣ್ಣೆಲೆಯಲ್ಲಿ 1.25 ಇದೆಯೆಂದು ಭಾವಿಸಿದರೆ ಮೇಲುನೋಟಕ್ಕೆ ಅರ್ಧ ಭಾಗ ಹಿಂದಿರುಗಿತೆನ್ನಬಹುದು. ಆದರೆ ಹಣ್ಣಾಗುವಾಗ ಸಕ್ಕರೆಯೇ ಮೊದಲಾದ ಪದಾರ್ಥಗಳೂ ಹೊರಟುಹೋಗಿ 100 ಗ್ರಾಂ ಎಲೆ 80 ಗ್ರಾಮಿಗೆ ಇಳಿದಿದ್ದರೆ, ಉಳಿದ ಸಾರಜನಕ 1 ಗ್ರಾಂ ಮಾತ್ರವಾಗಿ, ಹಿಂಪಡೆತವು ನೂರಕ್ಕೆ 60 ಎಂದು ಸಿದ್ಧವಾಗುತ್ತದೆ. ಆದ್ದರಿಂದ ತೂಕದ ಬದಲು ಎಲೆಯ ವಿಸ್ತೀರ್ಣವನ್ನು ಆಧಾರವಾಗಿಟ್ಟುಕೊಳ್ಳುವುದು, ಇಲ್ಲವೆ ತೂಕನಷ್ಟವನ್ನು ಸೇರಿಸಿ ತಿದ್ದುವುದು ವಿಹಿತ. ಉದುರಿದ ಎಲೆಯಲ್ಲಿ ಸಾರಜನಕವು ನೂರಕ್ಕೆ 0.7ಕ್ಕಿಂತ ಕಡಿಮೆಯಿದ್ದರೆ ಮರವು ಹಿಂಪಡೆತವನ್ನು ಪೂರ್ಣವಾಗಿ ನಡೆಸಿತೆಂದು ಕಿಲ್ಲಿಂಗ್‌ಬೆಕ್ 1996ರಲ್ಲಿ ಸೂಚಿಸಿದ ಮಾನದಂಡವೂ ಬಳಕೆಯಲ್ಲಿದೆ. ಬೇರುಗಂಟಿರುವ ಮರಗಳು ಸಾಮಾನ್ಯವಾಗಿ ಹಿಂಪಡೆಯುವುದು ಕಡಿಮೆ. ಅವುಗಳ ತರಗು ನೆಲಕ್ಕೆ ಹೆಚ್ಚು ಸಾರಜನಕವನ್ನು ಒಪ್ಪಿಸುತ್ತದೆ. ಬರಗಾಲದಲ್ಲಿ ಎಲೆಯು ಹಳದಿಗೆ ತಿರುಗದೆ ಹಸಿರಾಗಿಯೇ ಒಣಗಿ ಬಿದ್ದರೆ ಹಿಂಪಡೆತಕ್ಕೆ ಅವಕಾಶವೇ ದೊರೆಯದಿರುವುದರಿಂದ, ಒಂದು ವರ್ಷದ ಅಳತೆಯನ್ನು ಎಲ್ಲ ವರ್ಷಗಳಿಗೂ ಅನ್ವಯಿಸಬಾರದು.

ತರಗೆಲೆ ಮತ್ತು ಅದರ ಕೊಳೆತ

ಉದುರುವ ಎಲೆಯ ಮೊತ್ತವನ್ನು ತಿಳಿಯಲು ಗೊತ್ತಾದ ವಿಸ್ತೀರ್ಣದ ಬಲೆಬುಟ್ಟಿಗಳನ್ನು ಮರದಡಿಯಲ್ಲಿ ನೆಲದಿಂದ ಮೇಲಕ್ಕೆ ನಿಲ್ಲಿಸಿ, ತಿಂಗಳಿಗೊಮ್ಮೆಯಾದರೂ ಬರಿದುಮಾಡಿ, ಎಲೆ, ಕಡ್ಡಿ, ಹೂ, ಕಾಯಿಗಳನ್ನು ಬೇರ್ಪಡಿಸಿ ತೂಗುತ್ತಾರೆ. ಕೊಳೆಯುವ ವೇಗವನ್ನು ತಿಳಿಯಲು 1957ರಲ್ಲಿ ಬೊಕಾಕ್ ಮತ್ತು ಗಿಲ್ಬರ್ಟ್ ಎಂಬವರು ಪ್ರಚಾರಕ್ಕೆ ತಂದ ತರಗಿನ ಚೀಲಗಳನ್ನು ಬಳಸುತ್ತಾರೆ. ತೂಗಿದ ತರಗನ್ನು ಬಲೆಚೀಲಗಳಲ್ಲಿ ತುಂಬಿ ನೆಲದ ಮೇಲಿಟ್ಟು, ನಿಯಮಿತ ಕಾಲಾಂತರಗಳಲ್ಲಿ ಕೆಲಕೆಲವನ್ನು ತೆಗೆದು, ಉಳಿದ ತೂಕವನ್ನೂ ಸಾರಜನಕವನ್ನೂ ನೋಡುತ್ತಾರೆ. ತೂಕದ ಇಳಿತವನ್ನು ಓಲ್ಸನ್ 1963ರಲ್ಲಿ ವಿವರಿಸಿದ ಘಾತೀಯ ಸಮೀಕರಣದಿಂದ ಒಂದೇ ಸ್ಥಿರಾಂಕಕ್ಕೆ ತರಬಹುದು, 0.693ನ್ನು ಆ ಸ್ಥಿರಾಂಕದಿಂದ ಭಾಗಿಸಿದರೆ ತರಗು ಅರ್ಧಕ್ಕಿಳಿಯಲು ಬೇಕಾದ ಕಾಲ ಸಿಕ್ಕುತ್ತದೆ. ನಮ್ಮ ಮೈದಾನದಲ್ಲಿ ತರಗನ್ನು ಕೊಂಡೊಯ್ಯುವ ಮುಖ್ಯ ಜೀವಿ ಗೆದ್ದಲು. ಚೀಲದ ಕಣ್ಣು ಸಣ್ಣದಾದರೆ ಗೆದ್ದಲು ಒಳಹೊಗದೆ ಕೊಳೆತವು ನಿಜಕ್ಕಿಂತ ನಿಧಾನವೆಂದು ಕಾಣುವುದರಿಂದ, ಸಣ್ಣ ಕಣ್ಣಿನ ಮತ್ತು ದೊಡ್ಡ ಕಣ್ಣಿನ ಚೀಲಗಳನ್ನು ಜೊತೆಜೊತೆಯಾಗಿ ಇಡುವುದು ಅಗತ್ಯ.

ತರಗಿನ ಸಾರಜನಕವು ಬಿದ್ದ ಕೂಡಲೆ ಬೇರಿಗೆ ಒದಗುವುದಿಲ್ಲ. ಇಂಗಾಲವು ಸಾರಜನಕದ 25ರಿಂದ 30 ಪಟ್ಟಿಗಿಂತ ಹೆಚ್ಚಾಗಿರುವ ತರಗನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ತಮ್ಮ ದೇಹಪೋಷಣೆಗಾಗಿ ಸುತ್ತಲ ಮಣ್ಣಿನ ಸಾರಜನಕವನ್ನೇ ಸೆಳೆದುಕೊಳ್ಳುತ್ತವೆ. ಅನುಪಾತವು ಅದಕ್ಕಿಂತ ಕೆಳಗಿದ್ದರೆ ಮಾತ್ರ ಮಿಗತೆಯನ್ನು ಮಣ್ಣಿಗೆ ಬಿಡುತ್ತವೆ. ಹೊಂಗೆಯ ಹಸಿರು ಸೊಪ್ಪು ಬೇಗನೆ ಫಲ ಕೊಡುವುದಕ್ಕೂ ನಾರುಗಟ್ಟಿದ ಒಣತರಗು ಮೊದಮೊದಲು ಬೆಳೆಯನ್ನು ಸೊರಗಿಸುವುದಕ್ಕೂ ಇದೇ ಕಾರಣ.

ಮಣ್ಣು ಮತ್ತು ಮೊದಲ ಮಳೆ

ಮಣ್ಣಿನ ಅಮೋನಿಯಂ ಮತ್ತು ನೈಟ್ರೇಟುಗಳನ್ನು ಪೊಟ್ಯಾಸಿಯಂ ಕ್ಲೋರೈಡಿನ ದ್ರಾವಣದಿಂದ ಸೆಳೆದು ಅಳೆಯುತ್ತಾರೆ. ಅವು ಹುಟ್ಟುವ ವೇಗವನ್ನು ಅರಿಯಲು, ಮಣ್ಣನ್ನು ಕೊಳವೆಯಲ್ಲಿ ಬಂಧಿಸಿ ಬೇರುಗಳು ತಲಪದಂತೆ ಅದೇ ಸ್ಥಳದಲ್ಲಿ ಹೂಳಿ, ಆದಿಯ ಮತ್ತು ಅಂತ್ಯದ ಮೊತ್ತಗಳ ವ್ಯತ್ಯಾಸವನ್ನು ತೆಗೆಯುತ್ತಾರೆ. ಭಾರತದ ಮಣ್ಣುಪರೀಕ್ಷಾ ಕೇಂದ್ರಗಳಲ್ಲಿ ವ್ಯಾಪಕವಾಗಿ ನಡೆಯುವುದು ಸುಬ್ಬಯ್ಯ ಮತ್ತು ಅಸೀಜ ಎಂಬ ವಿಜ್ಞಾನಿಗಳು 1956ರಲ್ಲಿ, ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಕ್ಷಾರೀಯ ಪರ್ಮಾಂಗನೇಟ್ ವಿಧಾನ. ಇದರಂತೆ ಹೆಕ್ಟೇರಿಗೆ 280 ಕಿಲೋಗ್ರಾಮಿಗಿಂತ ಕಡಿಮೆ ಲಭ್ಯ ಸಾರಜನಕವಿರುವ ಮಣ್ಣು ಕೆಳದರ್ಜೆಯದು, 560ಕ್ಕಿಂತ ಹೆಚ್ಚಿರುವುದು ಮೇಲ್ದರ್ಜೆಯದು.

ಬೇಸಗೆಯಲ್ಲಿ ಕಾದು ಒಣಗಿದ ಮಣ್ಣು ಮೊದಲ ಮಳೆಗೆ ನೆನೆದಾಗ ಸೂಕ್ಷ್ಮಜೀವಿಗಳ ಚಟುವಟಿಕೆಯು ಒಮ್ಮೆಗೇ ಉಕ್ಕಿ, ಇಂಗಾಲದ ಡೈಆಕ್ಸೈಡಿನೊಡನೆ ಖನಿಜ ಸಾರಜನಕವೂ ಹೇರಳವಾಗಿ ಬಿಡುಗಡೆಯಾಗುತ್ತದೆ. ಪೂರ್ವ ಆಫ್ರಿಕದ ಮಣ್ಣುಗಳಲ್ಲಿ ಇದನ್ನು 1958ರಲ್ಲಿ ವಿವರಿಸಿದ ಬರ್ಚನ ಹೆಸರಿನಿಂದಲೇ ಈ ವಿದ್ಯಮಾನವು ಪ್ರಸಿದ್ಧವಾಗಿದೆ. ವಿಂಧ್ಯದ ಒಣಕಾಡುಗಳಲ್ಲಿ ಸೂಕ್ಷ್ಮಜೀವಿಗಳ ಒಟ್ಟು ರಾಶಿಯು ಒಣಗಾಲದಲ್ಲಿ ಪೋಷಕಾಂಶಗಳನ್ನು ಕಣಜದಂತೆ ಕೂಡಿಟ್ಟು, ಸಸ್ಯಗಳು ಬೆಳೆಯತೊಡಗುವ ಮಳೆಗಾಲದಲ್ಲಿ ಬಿಟ್ಟುಕೊಡುತ್ತದೆಂದು ಸಿಂಗ್ ಮತ್ತು ಸಂಗಡಿಗರು 1989ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ಮುಂಗಾರಿನ ಮೊದಲ ಹದಕ್ಕೆ ಬಿತ್ತಬೇಕೆಂದು ನಮ್ಮ ರೈತರು ತವಕಿಸುವುದಕ್ಕೆ ತೇವದ ಜೊತೆಗೆ ಈ ಕಾರಣವೂ ಉಂಟು. ಮಾಪನ ಮಾಡುವವನು ಮಳೆಗೆ ಮುನ್ನ, ಮಳೆಯಾದ ಮಾರನೆಯ ದಿನ, ವಾರದ ತರುವಾಯ ಹೀಗೆ ಸರಣಿಯಾಗಿ ಮಣ್ಣನ್ನು ತೆಗೆಯದೆ ತಿಂಗಳಿಗೊಂದು ಮಾದರಿಯನ್ನೇ ನೆಚ್ಚಿದರೆ, ವರ್ಷದ ಅತ್ಯಂತ ಮಹತ್ತ್ವದ ಘಟನೆಯೇ ಅವನ ಕಣ್ಣಿಗೆ ಬೀಳದೆ ಹೋಗುತ್ತದೆ.

ಭಾರದ ಸಾರಜನಕದ ಸಾಕ್ಷ್ಯ

ವಾಯುವಿನ ಸಾರಜನಕದಲ್ಲಿ ನೂರಕ್ಕೆ 0.366 ಭಾಗದ ಪರಮಾಣುಗಳು 14ಕ್ಕೆ ಬದಲಾಗಿ 15 ರಾಶಿಯುಳ್ಳ ಸಮಸ್ಥಾನಿಗಳು. ಮಣ್ಣಿನ ಕ್ರಿಯೆಗಳಲ್ಲಿ ಹಗುರವಾದ ಪರಮಾಣುಗಳು ಮುಂಚಿತವಾಗಿ ಹೊರಟುಹೋಗುವುದರಿಂದ ಉಳಿದ ಮಣ್ಣಿನಲ್ಲಿ ಭಾರವಾದವು ಹೆಚ್ಚುತ್ತವೆ. ಒಣನಾಡುಗಳ ಎಲೆಗಳಲ್ಲಿ ಭಾರದ ಸಾರಜನಕ ಅಧಿಕವಾಗಿರುವುದು ಲೋಕದ ನಾನಾ ಭಾಗಗಳಲ್ಲಿ ಕಂಡುಬಂದ ಸಂಗತಿ. ವಾಯುವಿನಿಂದ ನೇರವಾಗಿ ಸಾರಜನಕವನ್ನು ಹಿಡಿಯುವ ಹೊಂಗೆಯ ಎಲೆಯು ವಾಯುವಿನ ಅನುಪಾತಕ್ಕೂ, ಅದರ ಪಕ್ಕದಲ್ಲಿಯೇ ಇರುವ ಬೇವು ಅಥವಾ ಹುಣಸೆಯ ಎಲೆಯು ಮಣ್ಣಿನ ಅನುಪಾತಕ್ಕೂ ಸಮೀಪಿಸಿರಬೇಕಷ್ಟೆ. ಈ ಎರಡರ ಅಂತರದಿಂದ ಹೊಂಗೆಯು ತನ್ನ ಸಾರಜನಕದಲ್ಲಿ ಎಷ್ಟನ್ನು ಗಾಳಿಯಿಂದ ಪಡೆಯಿತೆಂದು ಲೆಕ್ಕಿಸಬಹುದು. ಇದಕ್ಕೆ ರಾಶಿರೋಹಿತಮಾಪಕ ಬೇಕು. ಹೋಲಿಕೆಗೆ ಆರಿಸುವ ಮರದ ಬೇರಿನ ಆಳ, ಮಣ್ಣು, ಚಿಗುರುವ ಕಾಲ ಇವೆಲ್ಲ ಸಮಾನವಾಗಿರಬೇಕು. ಭಾರದ ಸಾರಜನಕವನ್ನು ಕೃತಕವಾಗಿ ಉಣಿಸಿ ಬೆಳೆಸಿದ ಎಲೆಗಳ ತರಗನ್ನು ನೆಲಕ್ಕೆ ಹರಡಿ, ಅದು ಮಣ್ಣಿಗೆ, ಜೀವಿಗಳಿಗೆ, ಬೇರಿಗೆ ಹೇಗೆ ಹಂಚಿಹೋಗುವುದೆಂದು ಬೆನ್ನಟ್ಟಿ ನೋಡುವ ಪ್ರಯೋಗಗಳನ್ನು ಮೇಪಲ್ ತರಗಿನ ಮೇಲೆಯೂ ನಡೆಸಿದ್ದಾರೆ.

ಬೇಸಾಯದಲ್ಲಿ ಎಲೆಯ ಸಾರಜನಕ

ಈ ಸೀಮೆಯಲ್ಲಿ ಕಾಡಿಗೂ ಹೊಲಕ್ಕೂ ನಡುವೆ ಸಾರಜನಕವನ್ನು ಸಾಗಿಸುವ ಮುಖ್ಯ ವಾಹನಗಳು ಸೊಪ್ಪು ಮತ್ತು ಕುರಿಮೇಕೆಗಳು. ಹೊಂಗೆಯ ಒಣ ಎಲೆಯಲ್ಲಿ ಸಾರಜನಕವು ನೂರಕ್ಕೆ ಸುಮಾರು 3, ಹೊಂಗೆಹಿಂಡಿಯಲ್ಲಿ ಸುಮಾರು 4, ಬೇವಿನಹಿಂಡಿಯಲ್ಲಿ ಸುಮಾರು 5, ಕಡಲೆಕಾಯಿಹಿಂಡಿಯಲ್ಲಿ 7ಕ್ಕೂ ಮೇಲೆ ಇರುವುದು. ಕೊಟ್ಟಿಗೆಗೊಬ್ಬರದಲ್ಲಿ ಸಾಧಾರಣವಾಗಿ ನೂರಕ್ಕೆ ಅರ್ಧ ಭಾಗದಷ್ಟೇ. ಹಸಿಸೊಪ್ಪಿನಲ್ಲಿ ನೂರಕ್ಕೆ 70 ಭಾಗ ನೀರೆಂದು ಹಿಡಿದರೆ ಒಂದು ಟನ್ ಹೊಂಗೆಸೊಪ್ಪಿನಿಂದ ಹೊಲಕ್ಕೆ ಸೇರುವ ಸಾರಜನಕ ಸುಮಾರು 9 ಕಿಲೋಗ್ರಾಂ, ಅಂದರೆ 20 ಕಿಲೋಗ್ರಾಂ ಯೂರಿಯಾದಲ್ಲಿರುವಷ್ಟು. ಬದುವಿನ ಹೊಂಗೆಯನ್ನು ಸವರಿ ಗದ್ದೆಗೆ ತುಳಿಯುವುದು, ಸುಗ್ಗಿ ಮುಗಿದ ಹೊಲದಲ್ಲಿ ಕುರಿಮಂದೆಯನ್ನು ತಂಗಿಸುವುದು, ರೊಪ್ಪದ ಗೊಬ್ಬರವನ್ನೂ ಕೆರೆಯ ಗೋಡುಮಣ್ಣನ್ನೂ ಹೊಲಕ್ಕೆ ಹೊಡೆಯುವುದು, ಇವೆಲ್ಲ ಎಲೆಯ ಸಾರಜನಕವನ್ನು ನಾನಾ ದಾರಿಗಳಿಂದ ಬೆಳೆಗೆ ಮುಟ್ಟಿಸುವ ಪದ್ಧತಿಗಳೇ. ಪಾವಗಡ, ಶಿರಾ, ಮಧುಗಿರಿಗಳ ಮುಖ್ಯ ಬೆಳೆಯಾದ ಕಡಲೆಕಾಯಿಯೂ ಹುರುಳಿ ತೊಗರಿಗಳೂ ತಮ್ಮ ಬೇರುಗಂಟುಗಳಿಂದ ಈ ಆದಾಯಕ್ಕೆ ಕೂಡಿಸುತ್ತವೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ಹುಣಸೆಮರಗಳ ಮೇಲೆ ಗೂಡುಕಟ್ಟುವ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಕೆರೆಗಳ ಮೀನನ್ನು ತಿಂದು ಮರದಡಿಗೆ ಹಿಕ್ಕೆಯನ್ನು ಸುರಿಯುವುದರಿಂದ, ಕೆರೆಯ ಸಾರಜನಕವು ಹುಣಸೆಯ ಬೇರಿನ ಬಳಿ ಬಂದು ಬೀಳುತ್ತದೆ. ಇಂಥ ಮರಗಳ ಎಲೆಯನ್ನು ಹೋಲಿಕೆಯ ಮಾದರಿಯಾಗಿ ಬಳಸಬಾರದು.

ನಷ್ಟದ ಮಾರ್ಗಗಳು

ಒಣತರಗಿಗೆ ಬೆಂಕಿಯಿಟ್ಟರೆ ಸುಣ್ಣ, ಪೊಟ್ಯಾಷ್, ರಂಜಕಗಳು ಬಹುಮಟ್ಟಿಗೆ ಬೂದಿಯಲ್ಲಿ ಉಳಿದರೂ ಸಾರಜನಕದ ಹೆಚ್ಚಿನ ಪಾಲು ಹೊಗೆಯೊಡನೆ ವಾಯುವಿಗೆ ಹಾರಿಹೋಗುತ್ತದೆ. ಮರಗಳನ್ನು ಕಡಿದುಹಾಕಿದ ನೆಲದಲ್ಲಿ ಹೀರುವ ಬೇರುಗಳಿಲ್ಲದೆ ನೈಟ್ರೇಟು ನೀರಿನೊಡನೆ ಹರಿದುಹೋಗುವುದೆಂಬುದು, ಬೋರ್ಮನ್ ಮತ್ತು ಲೈಕನ್ಸ್ ಹಬರ್ಡ್ ಬ್ರುಕ್ಕಿನ ಒಂದು ಕಣಿವೆಯ ಕಾಡನ್ನು 1965ರ ಕೊನೆಯಲ್ಲಿ ಪೂರ್ತಿಯಾಗಿ ಕಡಿಸಿ ನಡೆಸಿದ ಪ್ರಯೋಗದಲ್ಲಿ ಸ್ಪಷ್ಟವಾಯಿತು. ಹೀಗೆ ಇಳಿದ ನೈಟ್ರೇಟು ಅಂತರ್ಜಲವನ್ನು ಸೇರಿದರೆ ಕುಡಿಯುವ ನೀರು ಕೆಡುತ್ತದೆ. ಭಾರತೀಯ ಮಾನಕದಂತೆ ಒಂದು ಲೀಟರಿನಲ್ಲಿ 45 ಮಿಲಿಗ್ರಾಂ ಅದರ ಮೇರೆ. ಸೌದೆಗೂ ಇದ್ದಲಿಗೂ ಮರವನ್ನು ಕಡಿಯುವುದು ಈ ಸೀಮೆಗೆ ಹೊಸದಲ್ಲ. 1800ರಲ್ಲಿ ಶಿರಾ, ಮಧುಗಿರಿಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಬ್ಬಿಣದ ಕುಲುಮೆಗಳನ್ನು ವರ್ಣಿಸಿದ್ದಾನೆ, ಅವು ಉರಿದದ್ದು ಕಾಡಿನ ಇದ್ದಲಿನಿಂದ.

ಅಧ್ಯಯನದ ಕ್ರಮ

ಮೇಲಿನ ವಿಧಾನಗಳಲ್ಲಿ ಯಾವುದೊಂದೂ ತಾನೇ ಪೂರ್ಣವಲ್ಲ. ಮಾಘದಲ್ಲಿ ಹಣ್ಣೆಲೆ, ಯುಗಾದಿಯಲ್ಲಿ ಚಿಗುರು, ಮುಂಗಾರಿನ ಮೊದಲ ಹದದಲ್ಲಿ ಮಣ್ಣು, ಹಿಂಗಾರಿನ ಕೊನೆಯಲ್ಲಿ ಬಲಿತ ಎಲೆ ಮತ್ತು ಕೊಳೆತ ತರಗು, ಹೀಗೆ ಋತುಕ್ರಮವನ್ನು ಅನುಸರಿಸಿ, ಗುರುತುಮಾಡಿದ ಅವೇ ಮರಗಳಲ್ಲಿ, ಮಳೆ ಹೆಚ್ಚಿದ ವರ್ಷ ಬರ ಬಂದ ವರ್ಷ ಎರಡನ್ನೂ ಒಳಗೊಳ್ಳುವಂತೆ ಅಳೆದಾಗಲೇ ಚಕ್ರದ ಸ್ವರೂಪವು ತಿಳಿಯಬರುತ್ತದೆ. ಬುಟ್ಟಿ, ಬಲೆಚೀಲ, ತಕ್ಕಡಿ ಮತ್ತು ಕೆಲ್ದಾಲ್ ಉಪಕರಣ ಇಷ್ಟರಿಂದಲೇ ಇದರ ಬಹುಭಾಗ ಸಾಧ್ಯವಾದುದರಿಂದ, ಈ ತಾಲ್ಲೂಕುಗಳ ಕಾಲೇಜುಗಳ ಸಸ್ಯಶಾಸ್ತ್ರ ಮತ್ತು ರಸಾಯನಶಾಸ್ತ್ರ ವಿಭಾಗಗಳು ಒಂದುಗೂಡಿ ಇದನ್ನು ಕೈಗೊಳ್ಳಬಹುದು. ರೈತನ ಮಟ್ಟಿಗೆ ಈ ಶಾಸ್ತ್ರದಿಂದ ಹೊರಡುವ ವಿಧಿ ಸರಳವಾದದ್ದು: ತರಗನ್ನು ಸುಡಬಾರದು, ಹೊಂಗೆಯ ಸೊಪ್ಪನ್ನು ಎಳಸಾಗಿರುವಾಗಲೇ ಮಣ್ಣಿಗೆ ಸೇರಿಸಬೇಕು, ಒಣತರಗನ್ನು ತಿಪ್ಪೆಯಲ್ಲಿ ಕೊಳೆಯಿಸಿದ ಬಳಿಕವೇ ಹೊಲಕ್ಕೆ ಹಾಕಬೇಕು, ಬದುವಿನ ಮರವನ್ನು ಸವರಬಹುದು, ಕಡಿಯಬಾರದು.